ಹಂದಿಗೆ ಇಟ್ಟ ಉರುಳಿಗೆ ಹಂದಿನೇ ಬೀಳುತ್ತಾ?

ಪ್ರಶ್ನೆ: ‘ಉರುಳು ಹಾಕಬೇಡಿ’ ಅಂತ ಜಾಗೃತಿಗೆ ನಮ್ಮೂರಿಗೂ ಬಂದಿದ್ದರು. ಆದರೆ ಗದ್ದೆ ಉಳಿಯಬೇಕಲ್ಲ ಸರ್? ಹಂದಿ ನುಗ್ಗುವ ಕಂಡಿಯಲ್ಲಿ ಮಾತ್ರ, ಹಂದಿಯ ಎತ್ತರಕ್ಕೆ ಸರಿಯಾಗಿ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿದರೆ ಬೇರೆ ಪ್ರಾಣಿಗೇನು ತೊಂದರೆ?
– ಪೊನ್ನಂಪೇಟೆ ಕಡೆಯ ಓದುಗರು

ಉತ್ತರ: ಭತ್ತ ತೆನೆ ಕಟ್ಟುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಊರು ಬೇರೆ, ವೈರ್ ಅದೇ. ಹಂದಿ ಕಾಟ ಹೇಗಿರುತ್ತೆ ಅಂತ ನನಗೂ ಗೊತ್ತು, ಅದನ್ನು ಬಿಡೋಣ.

ಕಾನೂನು ಬೇಗ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂದರೆ ಮಾತ್ರ ಬೇಟೆ ಅಲ್ಲ. ಉರುಳು ಹಾಕುವುದೂ ಬೇಟೆ, ಹಾಗೆ ಪ್ರಯತ್ನಿಸುವುದೂ ಬೇಟೆ. ಏನೂ ಬೀಳದೆ ಖಾಲಿ ತೂಗುತ್ತಿರುವ ವೈರ್ ಕೂಡ ಕೇಸಿಗೆ ಸಾಕು.

ಈಗ ಆ ‘ಹಂದಿಯ ಎತ್ತರ’. ಇದನ್ನು ಯಾರು ಹುಟ್ಟುಹಾಕಿದರೋ, ಇಷ್ಟು ವರ್ಷವಾದರೂ ಸಾಯುತ್ತಿಲ್ಲ. ಬೆಳೆದ ಹಂದಿಯ ಹೆಗಲೂ ಚಿರತೆಯ ಹೆಗಲೂ ನೆಲದಿಂದ ಹೆಚ್ಚುಕಡಿಮೆ ಒಂದೇ ಎತ್ತರ ಮಾರಾಯರೇ! ಹಂದಿ ಮಾಡಿದ ಕಂಡಿಯನ್ನು ಹಂದಿ ಮಾತ್ರ ಬಳಸುವುದೂ ಇಲ್ಲ. ಮುಳ್ಳು ಬೇಲಿಯಲ್ಲಿ ಸುಲಭದ ದಾರಿ ಇದ್ದರೆ ಚಿರತೆ, ಕಡವೆ, ಮುಳ್ಳುಹಂದಿ, ನಿಮ್ಮ ನಾಯಿ, ಎಲ್ಲವೂ ಅಲ್ಲೇ ನುಗ್ಗುತ್ತವೆ. ಹಂದಿಮರಿಯ ವಾಸನೆ ಹಿಡಿದ ಚಿರತೆಗಂತೂ ಬೇರೆ ದಾರಿ ಯಾಕೆ?

ಇನ್ನೊಂದು ವಿಷಯ. ಹಂದಿ ಸಾಮಾನ್ಯವಾಗಿ ಕುತ್ತಿಗೆಗೆ ಸಿಕ್ಕಿಬೀಳುತ್ತದೆ. ಚಿರತೆಯ ತಲೆ, ಹೆಗಲು ಎಷ್ಟೋ ಸಲ ಕುಣಿಕೆಯೊಳಗೆ ನುಸುಳಿ ಹೋಗುತ್ತವೆ. ಬಿಗಿಯುವುದು ಸೊಂಟಕ್ಕೆ. ಎಳೆದಷ್ಟೂ ವೈರ್ ಹೊಟ್ಟೆಯೊಳಗೆ ಇಳಿಯುತ್ತದೆ. ಬಿಡಿಸಿದ ಮೇಲೂ ಒಳಗಿನ ಗಾಯದಿಂದ ಸತ್ತ ಚಿರತೆಗಳು ಕಡಿಮೆ ಇಲ್ಲ. ‘ಒಂದೇ ಏಟಿಗೆ ಮುಗಿಯುತ್ತೆ’ ಅನ್ನುವವರು ಒಂದು ಬೆಳಗ್ಗೆ ಹೋಗಿ ನೋಡಬೇಕು.

ನಾನು ನೋಡಿದ್ದೇನೆ. ಉರುಳು ಹುಡುಕುವ ಅರಣ್ಯ ಇಲಾಖೆಯ ವಾಚರ್‌ಗಳ ಜೊತೆ ಒಂದು ತೋಟದ ಅಂಚಿನಲ್ಲಿ ನಡೆಯುತ್ತಿದ್ದೆ. ಒಂದು ಕಾಫಿ ಗಿಡದ ಬುಡದಲ್ಲಿ ತೊಗಟೆಯೇ ಇರಲಿಲ್ಲ. ಸುತ್ತ ಒಂದು ಮಾರು ನೆಲ ಕಣದ ಹಾಗೆ ಬೋಳಾಗಿತ್ತು. ವೈರಿನ ತುದಿಯಲ್ಲಿ ಕೆಂಪು ಬೆಲ್ಟ್. ಆ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಜನ ಮೂರು ದಿನದಿಂದ ಹುಡುಕುತ್ತಿದ್ದ ನಾಯಿ ಅದು. ಉರುಳು ಇಟ್ಟಿದ್ದೂ ಅದೇ ತೋಟದವರು.

ಹಾಗಾದರೆ ಗದ್ದೆ? ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರುವ ಹಾಗೆ ಸೋಲಾರ್ ಬೇಲಿ ಹಾಕಿ, ಅದರ ಬುಡದ ಹುಲ್ಲು ಸವರುತ್ತಿರಿ. ಹುಲ್ಲು ತಾಗಿದರೆ ಕರೆಂಟ್ ಸೋರಿ ಹೋಗುತ್ತದೆ. ವಿದ್ಯುತ್ ಲೈನಿನಿಂದ ಬೇಲಿಗೆ ನೇರ ಕರೆಂಟ್ ಕೊಡುವ ಯೋಚನೆ ಬೇಡವೇ ಬೇಡ, ಮನುಷ್ಯರೇ ಸಾಯುತ್ತಾರೆ. ಬೆಳೆ ಹಾಳಾದರೆ ಫೋಟೋ ತೆಗೆದು ಅರಣ್ಯ ಇಲಾಖೆಯ ಆನ್‌ಲೈನ್ ಪರಿಹಾರ ವ್ಯವಸ್ಥೆ ‘ಇ-ಪರಿಹಾರ’ಕ್ಕೆ ಅರ್ಜಿ ಹಾಕಿ. ಉರುಳಿನಲ್ಲಿ ಜೀವಂತ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ದೂರ ನಿಲ್ಲಿ. ಜನ ಸೇರಿ ಕೂಗಿದಷ್ಟೂ ಅದು ಎಳೆಯುತ್ತದೆ. ವೈದ್ಯರು ಬಂದು ಅರಿವಳಿಕೆ ಕೊಡದೆ ವೈರ್ ಕತ್ತರಿಸಲು ಹೋಗಬೇಡಿ.

ನೀವು ಕೇಳಿಲ್ಲ, ಆದರೆ ಮುಂದಿನ ಪತ್ರ ಅದೇ ಅಂತ ಗೊತ್ತು: ‘ಉರುಳು ಬೇಡ, ಮನೆಯಲ್ಲಿ ಕೋವಿ ಇದೆಯಲ್ಲ?’ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವುದು ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಅಷ್ಟೇ. ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ಪೂಜೆ ಮಾಡಿ, ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸಿ. ಹಂದಿಗೆ ಗುರಿ ಇಡಬೇಕಾದರೆ ಮಾತ್ರ ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ‘ಗಡಿಯ ಊರು ಕುಟ್ಟ ದಾಟಿದರೆ ಕೇರಳದಲ್ಲಿ ಹೊಡೀತಾರಲ್ಲ’ ಅನ್ನುವವರಿಗೆ: 2022ರಿಂದ ಅಲ್ಲಿ ಅನುಮತಿ ಕೊಡುವ ಅಧಿಕಾರ ಪಂಚಾಯಿತಿ ಅಧ್ಯಕ್ಷರಿಗೂ ಸಿಕ್ಕಿದೆ, ನಿಜ. ಆದರೆ ವಿಷ, ಸಿಡಿಮದ್ದು, ಕರೆಂಟ್ ಅಲ್ಲೂ ಇಲ್ಲ.