ಸೆಪ್ಟೆಂಬರ್ ಬಂದರೆ ಕಾಲಿಗೇ ಬೈಗುಳ

ಪ್ರತಿ ಸೆಪ್ಟೆಂಬರ್‌ನಲ್ಲೂ ಅಕ್ಕನ ಮಗ ಫೋನ್ ಮಾಡುತ್ತಾನೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ, ಆಫೀಸಿನವರ ಜೊತೆ ಫ್ಯಾಂಟಸಿ ಫುಟ್‌ಬಾಲ್ ಹುಚ್ಚು. ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುವುದು, ಅವರು ಪಂದ್ಯದಲ್ಲಿ ಆಡಿದಂತೆ ಇವನಿಗೆ ಅಂಕ. ನಾನೂ ಅಮೆರಿಕದಲ್ಲೇ ಫಿಸಿಯೋ. ಶುಕ್ರವಾರ ಸಂಜೆ ಹೈಸ್ಕೂಲ್ ಪಂದ್ಯಗಳಲ್ಲಿ ಟೇಪು, ಐಸು ಹಿಡಿದುಕೊಂಡು ಮೈದಾನದ ಅಂಚಿನಲ್ಲಿ ನಿಲ್ಲುವವನು. ಅದಕ್ಕೇ ಅವನ ಪ್ರಶ್ನೆ ನನಗೆ: "ಮಾಮ, ನಮ್ಮ ರನ್ನಿಂಗ್ ಬ್ಯಾಕ್ ಎರಡು ಮ್ಯಾಚಿಂದ ಓಡ್ತಾನೇ ಇಲ್ಲ. ಕಾಲು ಹೋಯ್ತಾ?"

ಸಾಮಾನ್ಯವಾಗಿ ಹೋಗಿರುವುದಿಲ್ಲ. ಆಗೆಲ್ಲ ನಾನು ಅವನಿಗೆ 2011ರ ಕ್ರಿಸ್ ಜಾನ್ಸನ್ ಕಥೆ ಹೇಳುತ್ತೇನೆ.

ಈ ಆಟ, ಅಂದರೆ ಅಮೆರಿಕನ್ ಫುಟ್‌ಬಾಲ್, ನೋಡದವರಿಗೆ ಎರಡು ಮಾತು. ನಾಲ್ಕು ಅವಕಾಶದಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಚೆಂಡನ್ನು ಎಸೆಯಬಹುದು, ಇಲ್ಲವೇ ಅಪ್ಪಿಕೊಂಡು ಓಡಬಹುದು. ಹಾಗೆ ಓಡುವವನು ರನ್ನಿಂಗ್ ಬ್ಯಾಕ್. ಅವನ ಮುಂದೆ ಐದು ಜನ ದಢೂತಿಗಳು ಎದುರಾಳಿಗಳನ್ನು ತಳ್ಳಿ ಸಂದಿ ಮಾಡಿಕೊಡಬೇಕು. ಒಂದು ಓಟಕ್ಕೆ ಸರಾಸರಿ ನಾಲ್ಕು ಯಾರ್ಡ್ ಬಂದರೆ ಪರವಾಗಿಲ್ಲ.

ಜಾನ್ಸನ್ ಆಗ ಎನ್‌ಎಫ್‌ಎಲ್ ಎಂಬ ಅಮೆರಿಕದ ವೃತ್ತಿಪರ ಲೀಗ್‌ನ ಟೆನೆಸ್ಸಿ ಟೈಟನ್ಸ್ ತಂಡದಲ್ಲಿದ್ದವನು. 2008ರಲ್ಲಿ ಹೊಸಬರ ಪರೀಕ್ಷೆಯಲ್ಲಿ 40 ಯಾರ್ಡನ್ನು 4.24 ಸೆಕೆಂಡಿನಲ್ಲಿ ಓಡಿ ಎಲ್ಲರ ಬಾಯಿ ಮುಚ್ಚಿಸಿದ್ದ. ಮರುವರ್ಷ 358 ಸಲ ಚೆಂಡು ಹಿಡಿದು ಓಡಿ 2,006 ಯಾರ್ಡ್ ಗಳಿಸಿದ. 2011ರಲ್ಲಿ ಹೊಸ ಒಪ್ಪಂದ ಬೇಕು ಎಂದು ಹಟ ಹಿಡಿದು ತರಬೇತಿ ಶಿಬಿರಕ್ಕೇ ಬರಲಿಲ್ಲ. ಸೆಪ್ಟೆಂಬರ್ 1ಕ್ಕೆ ಸಹಿ ಬಿತ್ತು: ನಾಲ್ಕು ವರ್ಷಕ್ಕೆ 5.35 ಕೋಟಿ ಡಾಲರ್. ಹತ್ತೇ ದಿನಕ್ಕೆ ಮೊದಲ ಪಂದ್ಯ. ಅದರಲ್ಲಿ 9 ಓಟಕ್ಕೆ 24 ಯಾರ್ಡ್. ಎರಡನೆಯದರಲ್ಲಿ 24ಕ್ಕೆ 53. ಮೂರನೆಯದರಲ್ಲಿ 13ಕ್ಕೆ 21. ಒಟ್ಟು 46 ಓಟಕ್ಕೆ 98 ಯಾರ್ಡ್, ಅಂದರೆ ಒಂದು ಓಟಕ್ಕೆ ಬರೀ ಎರಡು ಚಿಲ್ಲರೆ.

ದುಡ್ಡು ಬಂತು, ಹಸಿವು ಹೋಯ್ತು ಅಂತ ಮಾತಾಡಿಕೊಂಡರು. ಹೊರಗೆ ಕೂತವರಿಗೆ ಹಾಗೆ ಅನ್ನುವುದು ಸುಲಭ.

ಓಟಗಾರ ತಡಬಡಾಯಿಸುತ್ತಿದ್ದಾನೆ ಎಂದು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಮೊದಲು ಕಾಲು ಮುಟ್ಟುವುದಿಲ್ಲ. ವಿಡಿಯೋ ಕೇಳುತ್ತೇನೆ. ಚೆಂಡು ಕೈಗೆ ಬಂದ ಮೇಲೆ ಮೊದಲ ಎದುರಾಳಿಯ ಕೈ ಅವನ ಮೈಗೆ ತಾಗುವ ಕ್ಷಣಕ್ಕೆ ನಿಲ್ಲಿಸಿ ನೋಡುತ್ತೇನೆ. ಆಟ ಶುರುವಾದ ಗೆರೆ ದಾಟುವ ಮೊದಲೇ ಹಿಡಿದುಬಿಟ್ಟಿದ್ದರೆ, ಅಲ್ಲಿ ಕಾಲಿನ ತಪ್ಪೇನು? ಆ ವೇಗ ಬಳಸೋಕೆ ಜಾಗವೇ ಇರಲಿಲ್ಲ.

ಆಮೇಲೆ ಹೆಜ್ಜೆ ನೋಡುತ್ತೇನೆ. ಇಂದಿನ ಬಹಳಷ್ಟು ಓಟಗಳಲ್ಲಿ ಸಂದಿ ಎಲ್ಲಿ ತೆರೆಯುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಐವರೂ ಒಟ್ಟಿಗೆ ಒಂದು ಪಕ್ಕಕ್ಕೆ ಸರಿಯುತ್ತಾರೆ. ಓಟಗಾರ ಅವರ ಹಿಂದೆ ಅಡ್ಡಡ್ಡ ಓಡುತ್ತಾ, ಎದುರಾಳಿ ಯಾವ ಕಡೆ ವಾಲುತ್ತಾನೆ ನೋಡಿ, ಒಂದೇ ಒಂದು ಸಲ ಕಾಲು ಊರಿ ತಿರುಗಬೇಕು. ಅರ್ಧ ಸೆಕೆಂಡ್ ಮುಂಚೆ ತಿರುಗಿದರೆ ತನ್ನ ಕಡೆಯವನ ಬೆನ್ನಿಗೇ ಡಿಕ್ಕಿ. ಅರ್ಧ ಸೆಕೆಂಡ್ ತಡವಾದರೆ ಸಂದಿ ಮುಚ್ಚಿರುತ್ತದೆ. ಈ ಲೆಕ್ಕ ಜಿಮ್ಮಿನಲ್ಲಿ ಸಿಗುವುದಿಲ್ಲ. ಒಬ್ಬನೇ ಎಷ್ಟು ಓಡಿದರೂ ಬರುವುದಿಲ್ಲ. ಆ ಐದು ಜನರ ಹಿಂದೆ ವಾರಗಟ್ಟಲೆ ಓಡಿದಾಗ ಮಾತ್ರ ಮೈಗೆ ಹತ್ತುತ್ತದೆ. ಅಲ್ಲಿಯವರೆಗೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನೋ ಕಥೆ.

ಆ ವರ್ಷ ಟೈಟನ್ಸ್‌ನಲ್ಲಿ ಜಾನ್ಸನ್ ಒಬ್ಬನೇ ತಡವಾಗಿ ಬಂದದ್ದಲ್ಲ, ಎಲ್ಲವೂ ಹೊಸದೇ. ಜೆಫ್ ಫಿಷರ್ ಹೋಗಿ ಮೈಕ್ ಮಂಚಾಕ್ ಮುಖ್ಯ ಕೋಚ್ ಆಗಿದ್ದರು. ಚೆಂಡು ಎಸೆಯುವ ಮ್ಯಾಟ್ ಹ್ಯಾಸಲ್‌ಬೆಕ್ ಕೂಡ ಹೊಸಬ. ಮುಂದೆ ನುಗ್ಗಿ ದಾರಿ ಬಿಡಿಸುವ ಫುಲ್‌ಬ್ಯಾಕ್ ಅಹ್ಮಾರ್ಡ್ ಹಾಲ್‌ಗೆ ಮೊದಲ ನಾಲ್ಕು ಪಂದ್ಯ ನಿಷೇಧ. ಸಾಲದ್ದಕ್ಕೆ ಮಾಲೀಕರ ಮತ್ತು ಆಟಗಾರರ ಜಗಳದಿಂದ ಮಾರ್ಚ್‌ನಿಂದ ಜುಲೈ ಕೊನೆಯವರೆಗೆ ಇಡೀ ಲೀಗ್‌ಗೇ ಬೀಗ ಬಿದ್ದಿತ್ತು.

ಆ ಬೀಗದ ಬೆಲೆ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ಶಿಬಿರಗಳು ತೆರೆದ ಮೊದಲ 12 ದಿನಗಳಲ್ಲೇ ಲೀಗ್‌ನಲ್ಲಿ 10 ಜನರ ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್ ಟೆಂಡನ್) ಹರಿಯಿತು. ಇವರು ಮನೆಯಲ್ಲಿ ಸೋಮಾರಿಗಳಾಗಿ ಮಲಗಿದ್ದವರಲ್ಲ. ಆದರೆ ಒಬ್ಬೊಬ್ಬರೇ ಮಾಡುವ ವ್ಯಾಯಾಮ ಬೇರೆ, ಆಟದ ಹೊರೆ ಬೇರೆ. ನೇರ ಓಟ ಯಾರು ಬೇಕಾದರೂ ಅಭ್ಯಾಸ ಮಾಡಬಹುದು. ಪೂರ್ತಿ ವೇಗದಲ್ಲಿ ಬಂದು ಗಕ್ಕನೆ ನಿಂತು ತಿರುಗುವಾಗ ತೊಡೆ, ಮೀನಖಂಡದ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕು. ಅದು ಸ್ನಾಯುವಿಗೆ ತುಂಬಾ ಕಠಿಣವಾದ ಕೆಲಸ. ಮೊದಲ ಸಲ ಮಾಡಿದಾಗ ಎರಡು ದಿನ ಮೈ ಕೈ ಹಿಡಿದುಕೊಳ್ಳುತ್ತದೆ, ಎರಡನೇ ಸಲ ಅಷ್ಟಿಲ್ಲ. ಸ್ನಾಯು ಕಲಿತುಕೊಳ್ಳುತ್ತದೆ. ಆ ಮೊದಲ ಸಲವನ್ನು ಆಗಸ್ಟ್‌ನ ಶಿಬಿರದಲ್ಲಿ ಮುಗಿಸದವನು ಸೆಪ್ಟೆಂಬರ್‌ನಲ್ಲಿ ಎಲ್ಲರೆದುರು ಮುಗಿಸಬೇಕು.

ನನ್ನ ಹತ್ತಿರ ಬಂದಿದ್ದ ಒಬ್ಬ ಹೈಸ್ಕೂಲ್ ಹುಡುಗನೂ ಹೀಗೇ. ಬೇಸಿಗೆ ಪೂರ್ತಿ ಟ್ರ್ಯಾಕ್‌ನಲ್ಲಿ ಓಡಿದ್ದ, ತಂಡದ ಅಭ್ಯಾಸಕ್ಕೆ ಮಾತ್ರ ಹೋಗಿರಲಿಲ್ಲ. ಗಡಿಯಾರ ಹಿಡಿದು ನೋಡಿದರೆ ಹಿಂದಿನ ವರ್ಷಕ್ಕಿಂತ ಚುರುಕು! ಆದರೆ ಪಂದ್ಯದಲ್ಲಿ ತಿರುಗುವ ಮುಂಚೆ ಒಂದು ಪುಟ್ಟ ಹೆಜ್ಜೆ ಜಾಸ್ತಿ ಹಾಕುತ್ತಿದ್ದ. ನೋವಿಲ್ಲ, ಊತ ಇಲ್ಲ. ಅವನ ಕಾಲು ಅನುಮಾನ ಪಡುತ್ತಿತ್ತು, ಅಷ್ಟೇ. ನಾನು ಮಾಡಿದ ಚಿಕಿತ್ಸೆ ಅಂದರೆ ಕೋಚ್‌ಗೆ ಫೋನ್ ಮಾಡಿ, ಇವನನ್ನು ಮುಂದೆ ತಳ್ಳುವ ಆ ಐವರ ಜೊತೆ ಜಾಸ್ತಿ ಓಡಿಸಿ ಎಂದದ್ದು.

ಇನ್ನು ಆ ಸರಾಸರಿ. ಅದನ್ನು ನಂಬಿ ಕೆಟ್ಟವರೇ ಹೆಚ್ಚು. ರನ್ನಿಂಗ್ ಬ್ಯಾಕ್‌ನ ಓಟಗಳಲ್ಲಿ ಬಹಳಷ್ಟು ಸಣ್ಣವೇ. ಎಲ್ಲೋ ಒಂದು ದೊಡ್ಡ ಓಟ ಬಂದು ಇಡೀ ಲೆಕ್ಕವನ್ನು ಮೇಲೆತ್ತುತ್ತದೆ. ಜಾನ್ಸನ್‌ನ ಆ 2009ರ ವರ್ಷವನ್ನೇ ನೋಡಿ. ಅದರಲ್ಲಿ 91, 89, 85 ಯಾರ್ಡಿನ ಮೂರು ಓಟ ಇದ್ದವು. ಆ ಮೂರನ್ನು ತೆಗೆದರೆ ಸರಾಸರಿ 5.6ರಿಂದ 4.9ಕ್ಕೆ ಇಳಿಯುತ್ತದೆ. 358ರಲ್ಲಿ ಮೂರೇ ಮೂರು! ಹಾಗಿದ್ದ ಮೇಲೆ 46 ಓಟ ನೋಡಿ ತೀರ್ಪು ಕೊಡುವುದು ಆತುರವೇ ಅಲ್ವಾ?

ಮುಂದೆ ಅದೇ ಟೈಟನ್ಸ್‌ನಲ್ಲಿ ಆಡಿದ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ ಇನ್ನೂ ದೊಡ್ಡ ಪಾಠ. 2018ರಲ್ಲಿ ಮೊದಲ 12 ಪಂದ್ಯಗಳಲ್ಲಿ ಅವನ ಗಳಿಕೆ 474 ಯಾರ್ಡ್. ಡಿಸೆಂಬರ್ 6ರ ಒಂದೇ ರಾತ್ರಿ, ಜಾಗ್ವಾರ್ಸ್ ಎದುರು, 17 ಓಟಕ್ಕೆ 238. ಅದರಲ್ಲಿ ಒಂದು ಓಟವೇ 99 ಯಾರ್ಡ್, ಅಂದರೆ ಮೈದಾನದ ಒಂದು ತುದಿಯಿಂದ ಇನ್ನೊಂದಕ್ಕೆ.

ಹಾಗಂತ ಜಾನ್ಸನ್ ವಿಷಯದಲ್ಲಿ ಎಲ್ಲವನ್ನೂ ಹೊಂದಾಣಿಕೆಯ ತಲೆಗೆ ಕಟ್ಟುವುದಿಲ್ಲ. ನಾಲ್ಕನೇ ಪಂದ್ಯದಲ್ಲಿ ಕ್ಲೀವ್‌ಲೆಂಡ್ ಎದುರು 101 ಯಾರ್ಡ್ ಬಂತು, ನವೆಂಬರ್‌ನಲ್ಲಿ ಟ್ಯಾಂಪಾ ಬೇ ಎದುರು 190. ವರ್ಷ ಮುಗಿದಾಗ 1,047, ಸರಾಸರಿ ಸರಿಯಾಗಿ ನಾಲ್ಕು. ಕಾಲು ಹೋಗಿರಲಿಲ್ಲ ಎನ್ನಲು ಇಷ್ಟು ಸಾಕು. ಆದರೆ 2009ರ ಜಾನ್ಸನ್ ಮತ್ತೆ ಕಾಣಲಿಲ್ಲ. ಹಿಂದಿನ ಎರಡೇ ವರ್ಷದಲ್ಲಿ ಅವನು 674 ಸಲ ಚೆಂಡು ಹಿಡಿದು ಓಡಿದ್ದ, ಹೆಚ್ಚುಕಡಿಮೆ ಪ್ರತಿ ಸಲವೂ ಯಾರೋ ಒಬ್ಬರು ನೆಲಕ್ಕೆ ಕೆಡವಿದ್ದರು. ಆ ಸವೆತ ಎಷ್ಟು, ಶಿಬಿರ ತಪ್ಪಿಸಿದ ಪೆಟ್ಟು ಎಷ್ಟು ಎಂದು ಬೇರೆ ಮಾಡಿ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿ, ನಾಲ್ಕು ವಾರ ಸುಮ್ನಿರು ಅಂದೆ. "ಆಯ್ತು ಮಾಮ" ಅಂದ. ಸಂಜೆ ಅಕ್ಕ ಫೋನ್ ಮಾಡಿದಾಗ ಗೊತ್ತಾಯಿತು, ಆ ಆಟಗಾರನನ್ನು ಅವನು ಬೆಳಿಗ್ಗೆಯೇ ಬಿಟ್ಟುಕೊಟ್ಟು ಆಗಿತ್ತಂತೆ.