ಮರದ ವಿಮಾನ ಗಾಳಿಗೇ ಮುರಿದು ಬೀಳುತ್ತಿರಲಿಲ್ವಾ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಸೈನಿಕರನ್ನು ಮರದ ವಿಮಾನದಲ್ಲಿ ಕಳಿಸುತ್ತಿದ್ದರಂತೆ. ಅದು ಮುರಿದು ಬೀಳುತ್ತಿರಲಿಲ್ವಾ?

ಉತ್ತರ: ಇಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ನೀವು ಕೇಳಿರುವುದು ಹೋರ್ಸಾ ಗ್ಲೈಡರ್ ವಿಷಯ. ಇದಕ್ಕೆ ಎಂಜಿನ್ ಇಲ್ಲ. ಬೇರೊಂದು ವಿಮಾನ ಹಗ್ಗ ಕಟ್ಟಿ ಎಳೆದೊಯ್ಯುತ್ತಿತ್ತು. ಗುರಿ ಹತ್ತಿರವಾದಾಗ ಹಗ್ಗ ಕಳಚಿಕೊಂಡು ತೇಲುತ್ತಾ ಇಳಿಯಬೇಕು. 1941ರಲ್ಲಿ ಮೊದಲು ಹಾರಿತು, ಒಟ್ಟು 3,600ಕ್ಕೂ ಜಾಸ್ತಿ ತಯಾರಾದವು. ಬಾಂಬರ್, ಫೈಟರ್ ವಿಮಾನಗಳಿಗೆ ಅಲ್ಯೂಮಿನಿಯಂ ಬೇಕಿತ್ತು. ಕುರ್ಚಿ, ಬೀರು ಮಾಡುವ ಕಾರ್ಖಾನೆಗಳಲ್ಲಿ ನುರಿತ ಬಡಗಿಗಳಿದ್ದರು. ಅದಕ್ಕೇ ಮರ.

ಈಗ ಆ "ಮರ ಅಂದ್ರೆ ದುರ್ಬಲ" ಅನ್ನುವ ಮಾತಿಗೆ ಬರೋಣ. ಸೌದೆ ಒಡೆದಿದ್ದೀರಾ? ಎಳೆಗುಂಟ ಕೊಡಲಿ ಹಾಕಿದರೆ ಒಂದೇ ಏಟಿಗೆ ಸೀಳುತ್ತದೆ. ಅಡ್ಡ ಹಾಕಿದರೆ ಕೈ ಸೋಲುತ್ತದೆ. ಪ್ಲೈವುಡ್‌ನ ಗುಟ್ಟು ಇಷ್ಟೇ. ತೆಳುವಾದ ಮರದ ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಇಟ್ಟು ಅಂಟಿಸುತ್ತಾರೆ. ಯಾವ ಕಡೆಯಿಂದ ಸೀಳಲು ಹೋದರೂ ಯಾವುದೋ ಒಂದು ಪದರ ತಡೆಯುತ್ತದೆ. ಹೋರ್ಸಾದ ಮೈ ಇಂಥ ಪ್ಲೈವುಡ್. ಒಳಗೆ ಜೀಪು, ಫಿರಂಗಿ ಹೊತ್ತೊಯ್ಯುತ್ತಿತ್ತು. ಇದೂ ಸಾಲದು ಅನ್ನುವವರಿಗೆ ಹ್ಯಾಮಿಲ್ಕಾರ್ ಇದೆ. ಅದೂ ಮರದ ಗ್ಲೈಡರ್. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಟ್ಯಾಂಕು! ಟೆಟ್ರಾರ್ಕ್ ಅನ್ನುವ, 7 ಟನ್‌ಗೂ ಜಾಸ್ತಿ ತೂಕದ್ದು. ದುರ್ಬಲ ಡಬ್ಬದಲ್ಲಿ ಯಾರಾದರೂ ಟ್ಯಾಂಕ್ ಹಾಕಿ ಹಾರಿಸುತ್ತಾರಾ?

"ಇಳಿಯುವಾಗ ನುಚ್ಚುನೂರಾದ ಫೋಟೋ ಇದೆಯಲ್ಲ" ಅಂತ ಖಂಡಿತ ಯಾರೋ ಬರೆಯುತ್ತಾರೆ. ಇದೆ. ಆದರೆ ಅದು ಗಾಳಿಯಲ್ಲಿ ಮುರಿದದ್ದಲ್ಲ. ರನ್‌ವೇ ಇಲ್ಲದ ಹೊಲಕ್ಕೆ, ಕತ್ತಲಲ್ಲಿ, ಅಷ್ಟು ವೇಗದಲ್ಲಿ ನುಗ್ಗಿದರೆ ಲೋಹದ ವಿಮಾನವೂ ಉಳಿಯುವುದಿಲ್ಲ.

ನೆಲ ಮುಟ್ಟಿದ ಮೇಲೆ ಪೈಲಟ್ ಏನು ಮಾಡುತ್ತಿದ್ದ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ತುಂಬಾ ಇಷ್ಟವಾದ ಭಾಗವೇ ಇದು. ಎಂಜಿನ್ ಇಲ್ಲ, ವಾಪಸ್ ಹಾರುವ ಮಾತೇ ಇಲ್ಲ. ಹಾಗಾಗಿ ಬ್ರಿಟಿಷ್ ಗ್ಲೈಡರ್ ಪೈಲಟ್‌ಗಳಿಗೆ ಕಾಲಾಳುಗಳ ತರಬೇತಿಯೂ ಆಗಿರುತ್ತಿತ್ತು. ಜೂನ್ 6ರ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಜಿಮ್ ವಾಲ್‌ವರ್ಕ್ ಅನ್ನುವ ಪೈಲಟ್ ತನ್ನ ಹೋರ್ಸಾವನ್ನು ನಾರ್ಮಂಡಿಯ ಕಾನ್ ಕಾಲುವೆಯ ಸೇತುವೆಯಿಂದ 50 ಮೀಟರಿಗೂ ಕಡಿಮೆ ದೂರದಲ್ಲಿ ನಿಲ್ಲಿಸಿದ. ಹೊಡೆತಕ್ಕೆ ಮುಂದಿನ ಗಾಜು ಒಡೆದುಕೊಂಡು ಹೊರಗೆ ಎಸೆಯಲ್ಪಟ್ಟ. ತಲೆಯಿಂದ ರಕ್ತ ಸೋರುತ್ತಿದ್ದರೂ ಎದ್ದು, ಜೊತೆಯವರಿಗೆ ಮದ್ದುಗುಂಡು ಹೊತ್ತ.