ಇಂಗ್ಲಿಷ್ ಭೂತಕಾಲ ಕ್ರಿಯಾಪದಗಳ ಕೊನೆಯ ಧ್ವನಿ: ಕಲಿಸುವ ಕ್ರಮದ ಬಗ್ಗೆ ಟಿಪ್ಪಣಿ

ಇಂಗ್ಲಿಷಿನ ನಿಯಮಿತ ಕ್ರಿಯಾಪದಗಳ ಭೂತಕಾಲ ರೂಪಗಳೆಲ್ಲ ಬರವಣಿಗೆಯಲ್ಲಿ ಇ, ಡಿ ಎಂಬ ಅಕ್ಷರಗಳಿಂದಲೇ ಮುಗಿದರೂ ಮಾತಿನಲ್ಲಿ ಆ ಕೊನೆ ಮೂರು ಬಗೆಯಾಗಿ ಕೇಳಿಸುತ್ತದೆ. ‘ವಾಕ್’ ಎಂಬುದು ‘ವಾಕ್ಟ್’ ಆಗುತ್ತದೆ, ‘ಕಾಲ್’ ಎಂಬುದು ‘ಕಾಲ್ಡ್’ ಆಗುತ್ತದೆ, ‘ವಾಂಟ್’ ಮಾತ್ರ ನಡುವೆ ಸ್ವರವೊಂದನ್ನು ಸೇರಿಸಿಕೊಂಡು ‘ವಾಂಟಿಡ್’ ಆಗುತ್ತದೆ. ಈ ಮೂರಕ್ಕೂ ತರಗತಿಯಲ್ಲಿ ಸಮಾನ ಸಮಯ ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಪದಕ್ಕೆ ಹೊಸದೊಂದು ಉಚ್ಚಾರಾಂಶ, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಕೇಳಿಸುವ ಧ್ವನಿಗಳ ತುಣುಕು, ಸೇರುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ಕಲಿಸಬೇಕು. ಉಳಿದದ್ದು ಅದರ ನಂತರ.

ಕ್ರಿಯಾಪದದ ಕೊನೆಯ ಧ್ವನಿ ಟ್ ಅಥವಾ ಡ್ ಆಗಿದ್ದಾಗ ಮಾತ್ರ ಉಚ್ಚಾರಾಂಶ ಸೇರುತ್ತದೆ. ಅದೇ ಬಗೆಯ ಎರಡು ಧ್ವನಿಗಳು ಒತ್ತೊತ್ತಾಗಿ ಬಂದರೆ ಎರಡನೆಯದು ಕೇಳಿಸುವುದಿಲ್ಲವಾದ್ದರಿಂದ ನಡುವೆ ಸ್ವರ ಬೇಕಾಗುತ್ತದೆ. ‘ನೀಡಿಡ್’, ‘ಸ್ಟಾರ್ಟಿಡ್’ ಇದಕ್ಕೆ ಉದಾಹರಣೆಗಳು. ಕನ್ನಡ ಮನೆಮಾತಿನ ಕಲಿಕಾರರು ಕಾಗುಣಿತವನ್ನು ನೋಡಿ ‘ವಾಕೆಡ್’, ‘ಹೆಲ್ಪೆಡ್’ ಎನ್ನುತ್ತಾರೆ, ಇಲ್ಲವೆ ಬಸ್ಸು, ಕಾರು ಎನ್ನುವ ರೂಢಿಯಂತೆಯೇ ಕೊನೆಗೊಂದು ಉಕಾರ ಹಚ್ಚಿ ‘ವಾಕ್ಡು’ ಎನ್ನುತ್ತಾರೆ. ಎರಡರಲ್ಲೂ ಆಗುವುದು ಒಂದೇ: ಒಂದು ಉಚ್ಚಾರಾಂಶದ ಪದ ಎರಡಾಗುತ್ತದೆ. ಆದ್ದರಿಂದ ಪ್ರತಿ ಉಚ್ಚಾರಾಂಶಕ್ಕೂ ಒಮ್ಮೆ ಮೇಜು ತಟ್ಟಿಸುವ ಅಭ್ಯಾಸ ಬಹಳ ಉಪಯುಕ್ತ. ‘ವಾಕ್’ ಎಂದರೂ ‘ವಾಕ್ಟ್’ ಎಂದರೂ ಒಂದೇ ತಟ್ಟು, ‘ವಾಂಟಿಡ್’ ಎಂದರೆ ಎರಡು.

ಟ್ ಮತ್ತು ಡ್ ನಡುವಿನ ಆಯ್ಕೆಯನ್ನು ವಿವರಿಸುವಾಗ ನಮ್ಮ ವರ್ಗೀಯ ವ್ಯಂಜನಗಳೇ ನೆರವಿಗೆ ಬರುತ್ತವೆ. ಕ, ಪ ಮುಂತಾದವು ಅಘೋಷ. ಗ, ಬ ಮುಂತಾದವು ಘೋಷ, ಅಂದರೆ ಗಂಟಲಿನ ಮೇಲೆ ಬೆರಳಿಟ್ಟರೆ ಕಂಪನ ತಿಳಿಯುವಂಥವು. ಅಘೋಷ ಧ್ವನಿಯ ನಂತರ ಟ್, ಘೋಷ ವ್ಯಂಜನ ಅಥವಾ ಸ್ವರದ ನಂತರ ಡ್ ಬರುತ್ತದೆ. ‘ಸಪ್ತ’ ಮತ್ತು ‘ಶಬ್ದ’ ಎಂಬ ಪದಗಳನ್ನು ಒಟ್ಟಿಗೆ ಉಚ್ಚರಿಸಿ ನೋಡಿ. ಪಕಾರದ ಜೊತೆ ತಕಾರ, ಬಕಾರದ ಜೊತೆ ದಕಾರ ನಮ್ಮ ನಾಲಿಗೆಗೆ ಎಷ್ಟು ಸಹಜವಾಗಿದೆಯೋ ‘ಸ್ಟಾಪ್ಟ್’, ‘ರಬ್ಡ್’ ಎಂಬಲ್ಲಿಯೂ ಅಷ್ಟೇ ಸಹಜವಾಗಬಲ್ಲದು.

ನೋಡಬೇಕಾದದ್ದು ಕೊನೆಯ ಧ್ವನಿಯನ್ನು, ಕೊನೆಯ ಅಕ್ಷರವನ್ನಲ್ಲ. ‘ಲಾಫ್’ ಪದದ ಬರಹದಲ್ಲಿ ಜಿ, ಎಚ್ ಇದ್ದರೂ ಕೇಳಿಸುವುದು ಅಘೋಷವಾದ ಫ಼್, ಆದ್ದರಿಂದ ಅದು ‘ಲಾಫ್ಟ್’. ‘ಬಳಸು’ ಎಂಬ ಅರ್ಥದ ‘ಯೂಸ್’ ಕ್ರಿಯಾಪದದ ಕೊನೆಯ ಧ್ವನಿ ನಿಜವಾಗಿ ಘೋಷವಾದ ಜ಼್, ಆದ್ದರಿಂದ ಅದರ ಭೂತಕಾಲ ‘ಯೂಜ಼್ಡ್’. ಸ್ ಮತ್ತು ಜ಼್ ನಡುವಿನ ಈ ವ್ಯತ್ಯಾಸ ಅಚ್ಚಗನ್ನಡ ಪದಗಳಲ್ಲಿ ಇಲ್ಲದಿರುವುದರಿಂದ ಇದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ವ್ಯಂಜನಗಳ ಗುಂಪು. ‘ಆಸ್ಕ್ಟ್’ ಪದದ ಕೊನೆಯಲ್ಲಿ ಸ್, ಕ್, ಟ್ ಮೂರೂ ಸ್ವರವಿಲ್ಲದೆ ನಿಲ್ಲುತ್ತವೆ. ಕನ್ನಡದ ಒತ್ತಕ್ಷರಗಳ ಬೆನ್ನಿಗೆ ಸಾಮಾನ್ಯವಾಗಿ ಸ್ವರವೊಂದು ಇದ್ದೇ ಇರುವುದರಿಂದ ಇದು ನಮಗೆ ಅಪರಿಚಿತ. ಇಂಗ್ಲಿಷ್ ಮನೆಮಾತಿನವರೇ ವೇಗದ ಮಾತಿನಲ್ಲಿ ನಡುವಿನ ಕ್ ಬಿಟ್ಟು ‘ಆಸ್ಟ್’ ಎನ್ನುವುದುಂಟು. ಇಂಥ ಪದವನ್ನು ಬಿಡಿಯಾಗಿ ಹೇಳಿಸುವ ಬದಲು ಸ್ವರದಿಂದ ಆರಂಭವಾಗುವ ಪದವೊಂದನ್ನು ಮುಂದಿಟ್ಟು ಹೇಳಿಸಬೇಕು. ‘ಆಸ್ಕ್ಟ್ ಅಸ್’ ಎಂಬುದು ‘ಆಸ್ಕ್‌ ಟಸ್’ ಎಂದು ಒಡೆದುಕೊಂಡಾಗ ಟಕಾರ ಮುಂದಿನ ಸ್ವರಕ್ಕೆ ಆತುಕೊಳ್ಳುತ್ತದೆ, ಕಲಿಕಾರರಿಗೆ ಸಲೀಸಾಗುತ್ತದೆ. ಮುಂದಿನ ಪದವೂ ಟಕಾರದಿಂದಲೇ ಆರಂಭವಾದರೆ, ‘ವಾಕ್ಟ್ ಟು’ ಎಂಬಲ್ಲಿನಂತೆ, ಎರಡೂ ಬೆರೆತು ಭೂತಕಾಲವೇ ಕಿವಿಗೆ ಬೀಳದಿರಬಹುದು. ಅಲ್ಲಿ ಕಾಲವನ್ನು ಸಂದರ್ಭದಿಂದ ತಿಳಿಯಬೇಕೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿಂದಿನ ಇಂಗ್ಲಿಷಿನಲ್ಲಿ ಈ ಪ್ರತ್ಯಯದ ಸ್ವರ ಎಲ್ಲ ಕಡೆಯೂ ಹೆಚ್ಚಾಗಿ ಕೇಳಿಸುತ್ತಿತ್ತು. ಸ್ವರ ಬಿಟ್ಟು ಪದಗಳನ್ನು ಕುಗ್ಗಿಸುವ ರೂಢಿಯನ್ನು 1712ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಕಟುವಾಗಿ ಟೀಕಿಸಿದ್ದರು. ಆ ಹಳೆಯ ಸ್ವರ ಇಂದಿಗೂ ಕೆಲವು ವಿಶೇಷಣಗಳಲ್ಲಿ ಉಳಿದಿದೆ: ವಿದ್ವಾಂಸರನ್ನು ‘ಲರ್ನಿಡ್’ ಎಂದೂ ವಯೋವೃದ್ಧರನ್ನು ‘ಏಜಿಡ್’ ಎಂದೂ ಕರೆಯುತ್ತಾರೆ, ಆದರೆ ಕ್ರಿಯಾಪದವಾದಾಗ ಅವು ‘ಲರ್ನ್ಡ್’, ‘ಏಜ್ಡ್’. ಇವನ್ನು ಮೊದಲ ಪಾಠದಲ್ಲಿಯೇ ತಂದರೆ ಗೊಂದಲವಾಗುವುದರಿಂದ, ಮೇಜು ತಟ್ಟದೆಯೇ ಮಕ್ಕಳು ‘ವಾಕ್ಟ್’ ಎನ್ನತೊಡಗಿದ ಮೇಲೆ ಪರಿಚಯಿಸಿದರೆ ಸಾಕು.